ಬಾಲಪ್ರಪಂಚದ ಕಾರಂತರು

ಅಕ್ಷರ ಬಾರದ ಮಗುವಿನ ಕೈಗೆ ಚಿತ್ರಗಳುಳ್ಳ ಪುಸ್ತಕವೊಂದನ್ನು ಕೊಟ್ಟು, ತುಸು ದೂರದಲ್ಲಿ ನಿಂತು ನೋಡಬೇಕು. ಮೊದಲು ಅದು ಪುಸ್ತಕವನ್ನು ತಲೆಕೆಳಗಾಗಿ ಹಿಡಿಯುತ್ತದೆ. ಹಾಳೆಗಳನ್ನು ಒಂದರ ಮೇಲೊಂದರಂತೆ ಮಗುಚುತ್ತದೆ. ಆನೆಯ ಚಿತ್ರ ಬಂದೊಡನೆ ತಡೆದು ನಿಲ್ಲುತ್ತದೆ. ಸೊಂಡಿಲಿನ ಮೇಲೆ ಬೆರಳಿಟ್ಟು ತುದಿಯವರೆಗೂ ಎಳೆಯುತ್ತದೆ. ಆಮೇಲೆ ಮುಖವೆತ್ತಿ, ಹತ್ತಿರವಿರುವ ಅಕ್ಕನನ್ನೋ ಅಜ್ಜಿಯನ್ನೋ ನೋಡಿ, ಇದೇನೆಂದು ಕೇಳುತ್ತದೆ. ಹೆಸರು ಹೇಳಿದರೆ ಸಾಲದು. ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಕಚ್ಚುತ್ತದೆಯೆ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಹಿರಿಯರು ಇದನ್ನು ಮಕ್ಕಳ ಆಟವೆಂದು ಎಣಿಸಿ ನಗುವುದುಂಟು. ಆದರೆ ಅದು ಆಟ ಮಾತ್ರವಲ್ಲ. ತಾನು ಕಾಣದ ಲೋಕವೊಂದು ಹೊರಗಿದೆ, ಅದನ್ನು ಅರಿಯಬಹುದು ಎಂಬ ತಿಳಿವು ಮನುಷ್ಯನಲ್ಲಿ ಮೊಳೆಯುವ ಗಳಿಗೆ ಅದು. ಆ ಗಳಿಗೆಯ ಸಂತೋಷವನ್ನು ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಒದಗಿಸಬೇಕೆಂದು ಪಣತೊಟ್ಟು ದುಡಿದವರಲ್ಲಿ ಡಾ. ಕೋಟ ಶಿವರಾಮ ಕಾರಂತರು ಪ್ರಮುಖರು.

ಚಿತ್ರದ ಮೂಲಕ ಕಥೆ ಹೇಳುವುದು ನಮ್ಮ ನಾಡಿಗೆ ಹೊಸತಲ್ಲ. ಗದಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ, ಲಕ್ಕುಂಡಿಯ ಗುಡಿಗಳು, ಇವುಗಳ ಗೋಡೆಗಳನ್ನೂ ಕಂಬಗಳನ್ನೂ ನೋಡಿದವರಿಗೆ ಈ ಮಾತು ತಿಳಿದೇ ಇದೆ. ಆನೆ, ಸಿಂಹ, ಮಕರ, ಬಳ್ಳಿ, ನರ್ತಕಿಯರ ಸಾಲುಗಳು ಅಲ್ಲಿ ಶತಮಾನಗಳಿಂದ ನಿಂತಿವೆ. ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಕಲ್ಲಿನ ಮೇಲಣ ಆನೆಯನ್ನು ತೋರಿಸುತ್ತ ಬಂದಿದ್ದಾರೆ. ತೊಗಲುಗೊಂಬೆಯಾಟದ ಪರದೆಯ ಮೇಲೆ ಹನುಮಂತನನ್ನು ಕಂಡು ಹಿಗ್ಗಿದ ಮಕ್ಕಳಿಗೆ ಲೆಕ್ಕವಿಲ್ಲ. ಆದರೆ ಗುಡಿಯನ್ನು ಮನೆಗೆ ಒಯ್ಯಲಾಗದು. ಆಟ ಮುಗಿದ ಮೇಲೆ ಗೊಂಬೆಗಳು ಪೆಟ್ಟಿಗೆ ಸೇರುತ್ತವೆ. ಮಗು ತನಗೆ ಬೇಕೆನಿಸಿದಾಗಲೆಲ್ಲ ತೆರೆದು ನೋಡಬಹುದಾದ, ಅಂಗೈಯಲ್ಲಿ ಹಿಡಿಯಬಹುದಾದ ಚಿತ್ರಲೋಕವೆಂದರೆ ಪುಸ್ತಕವೇ.

ಅಂತಹ ಪುಸ್ತಕವನ್ನು ಯುರೋಪಿನ ಮಕ್ಕಳಿಗೆ ಮೊದಲು ಕೊಟ್ಟವರಲ್ಲಿ ಕೊಮೆನಿಯಸ್ ಎಂಬ ಶಿಕ್ಷಣತಜ್ಞನ ಹೆಸರು ಮುಖ್ಯವಾದುದು. ಯುದ್ಧದ ದೆಸೆಯಿಂದ ತಾಯ್ನಾಡನ್ನು ಕಳೆದುಕೊಂಡು ಊರಿಂದೂರಿಗೆ ಅಲೆದ ಆತನ ಸಚಿತ್ರ ಪಾಠಪುಸ್ತಕವು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾಯಿತು. ಪ್ರತಿಯೊಂದು ಪಾಠಕ್ಕೂ ಒಂದು ಚಿತ್ರ; ಚಿತ್ರದಲ್ಲಿನ ಪ್ರತಿಯೊಂದು ವಸ್ತುವಿಗೂ ಒಂದು ಅಂಕಿ; ಅದೇ ಅಂಕಿಯ ಮುಂದೆ ಆ ವಸ್ತುವಿನ ಹೆಸರು. ಕಣ್ಣು ಕಂಡುದನ್ನು ನಾಲಗೆ ಹೆಸರಿಸಬೇಕು ಎಂಬುದೇ ಅದರ ತತ್ತ್ವ. ಮುಂದೆ ಇಂಗ್ಲಿಷಿನಲ್ಲಿ ಆರ್ಥರ್ ಮೀ ಎಂಬ ಸಂಪಾದಕನು 1908ರಿಂದ ಕಂತುಕಂತಾಗಿ ಮಕ್ಕಳ ವಿಶ್ವಕೋಶವೊಂದನ್ನು ಹೊರಡಿಸಿದನು. ಭೂಮಿ, ಆಕಾಶ, ಪ್ರಾಣಿ, ಯಂತ್ರ, ದೇಶವಿದೇಶಗಳೆಲ್ಲವೂ ಚಿತ್ರಗಳ ಸಮೇತ ಆ ಮಕ್ಕಳ ಮನೆಬಾಗಿಲಿಗೆ ಬಂದವು.

ಕನ್ನಡದ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ಸ್ಥಾಪಿಸಿದ ಬಳಿಕ ಅಲ್ಲಿ ಕನ್ನಡ ಪುಸ್ತಕಗಳು ಅಚ್ಚಾಗತೊಡಗಿದವು. ಪಂಜೆ ಮಂಗೇಶರಾಯರು ಎಳೆಯರಿಗೆಂದು ಕಥೆಗಳನ್ನೂ ಹಾಡುಗಳನ್ನೂ ಬರೆದು, ಮಕ್ಕಳ ಸಾಹಿತ್ಯಕ್ಕೆ ಗೌರವದ ಸ್ಥಾನ ದೊರಕಿಸಿದರು. ಆದರೂ ಜಗತ್ತಿನ ವಿಷಯಗಳನ್ನು ಚಿತ್ರಗಳೊಡನೆ ತಿಳಿಸುವ ದೊಡ್ಡ ಪುಸ್ತಕ ಕನ್ನಡದಲ್ಲಿರಲಿಲ್ಲ. ತಿಮಿಂಗಿಲವನ್ನೋ ಜ್ವಾಲಾಮುಖಿಯನ್ನೋ ಪುಸ್ತಕದಲ್ಲಿ ಕಾಣಬೇಕಾದರೆ ಮಗು ಮೊದಲು ಇಂಗ್ಲಿಷನ್ನು ಕಲಿಯಬೇಕಾಗಿತ್ತು. ಇಂಗ್ಲಿಷು ಕೈವಶವಾಗುವ ಹೊತ್ತಿಗೆ ಬಾಲ್ಯವೇ ಮುಗಿದುಹೋಗುತ್ತಿತ್ತು. ಇದು ತೀರ ಅನ್ಯಾಯವೆಂದು ಬಗೆದು, ಅದನ್ನು ನೀಗಲು ಕೈಹಾಕಿದವರೇ ಕಾರಂತರು.

ಶಿವರಾಮ ಕಾರಂತರು 1902ನೆಯ ಇಸವಿ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಗೆ ಸೇರಿದ ಕೋಟ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಪಡುವಣಕ್ಕೆ ಅರಬ್ಬೀ ಕಡಲು, ಮೂಡಣಕ್ಕೆ ಗದ್ದೆ ತೋಟಗಳು, ಅದರಾಚೆ ಘಟ್ಟದ ಸಾಲು. ಇವುಗಳ ನಡುವೆ ಅವರ ಬಾಲ್ಯ ಕಳೆಯಿತು. ಮಳೆಗಾಲ ಮುಗಿದೊಡನೆ ಯಕ್ಷಗಾನದ ಮೇಳಗಳು ಊರಿಂದೂರಿಗೆ ಹೊರಡುತ್ತಿದ್ದವು. ರಾತ್ರಿಯ ಬೆಳಕಿನಲ್ಲಿ ಹೊಳೆಯುವ ಕಿರೀಟ, ಕೆಂಪು ಕಪ್ಪು ಹಳದಿಯ ಮುಖವರ್ಣಿಕೆ, ಚೆಂಡೆಯ ಸದ್ದು, ಇವೆಲ್ಲ ಕರಾವಳಿಯ ಮಕ್ಕಳ ಮನಸ್ಸಿನ ಮೇಲೆ ಅಚ್ಚೊತ್ತಿದಂತೆ ಉಳಿಯುತ್ತಿದ್ದವು. ನೋಟದಿಂದ ಕಲಿತುದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಕಾರಂತರು ಶಾಲೆಗಿಂತ ಮೊದಲು ಈ ಬಯಲಾಟದ ರಂಗಸ್ಥಳದಲ್ಲಿ ಕಂಡುಕೊಂಡರೆನ್ನಬಹುದು.

ಹಳ್ಳಿಯ ಶಾಲೆ, ಕುಂದಾಪುರದ ಹೈಸ್ಕೂಲು, ಬಳಿಕ ಮಂಗಳೂರಿನ ಸರಕಾರಿ ಕಾಲೇಜು, ಹೀಗೆ ಅವರ ವಿದ್ಯಾಭ್ಯಾಸ ಸಾಗಿತು. ಅಷ್ಟರಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂದಿತು. ಕಾಲೇಜನ್ನು ತೊರೆದು ಅವರು ದೇಶಸೇವೆಗೆ ಇಳಿದರು. ಖಾದಿಯ ಪ್ರಚಾರ ಮಾಡಿದರು. ‘ವಸಂತ’ ಎಂಬ ಪತ್ರಿಕೆ ನಡೆಸಿದರು. ನಾಟಕಗಳನ್ನು ಬರೆದು ಆಡಿಸಿದರು. ಮೂಕಿ ಚಲನಚಿತ್ರಗಳ ತಯಾರಿಕೆಗೂ ಕೈಹಾಕಿದರು. ಕ್ಯಾಮೆರಾ ಹಿಡಿದು ಊರೂರು ಸುತ್ತಿದರು. ಕೈಹಿಡಿದ ಎಲ್ಲ ಕೆಲಸಗಳೂ ಫಲಿಸಲಿಲ್ಲ. ಹಲವು ಸಾಹಸಗಳು ನಷ್ಟವನ್ನೂ ಸಾಲವನ್ನೂ ತಂದವು. ಆದರೆ ಪದವಿಯಿಲ್ಲದ ಈ ತರುಣನಿಗೆ ಆ ಅಲೆದಾಟವೇ ವಿಶ್ವವಿದ್ಯಾಲಯವಾಯಿತು. ತನಗೆ ಬೇಕಾದುದನ್ನು ತಾನೇ ಹುಡುಕಿ ಕಲಿಯುವ ಅಭ್ಯಾಸ ಅವರಲ್ಲಿ ಬೇರೂರಿತು.

ಕೊನೆಗೆ ಅವರು ನೆಲೆನಿಂತುದು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ. ಸಹಕಾರ ಚಳವಳಿಯ ಧುರೀಣರಾದ ಮೊಳಹಳ್ಳಿ ಶಿವರಾಯರ ಸ್ನೇಹ ಅಲ್ಲಿ ಅವರಿಗೆ ದೊರೆಯಿತು. ನವರಾತ್ರಿಯ ದಿನಗಳಲ್ಲಿ ನಾಡಹಬ್ಬವನ್ನು ಏರ್ಪಡಿಸಿ, ನಾಡಿನ ಸಾಹಿತಿಗಳನ್ನು ಆ ಸಣ್ಣ ಊರಿಗೆ ಬರಮಾಡಿಕೊಂಡರು. ಅದರ ಜೊತೆಯಲ್ಲಿಯೇ ಮಕ್ಕಳನ್ನು ಕೂಡಿಸಿ ಹಾಡು, ಕುಣಿತ, ನಾಟಕಗಳನ್ನು ಕಲಿಸತೊಡಗಿದರು. ಪುತ್ತೂರಿನ ಪರ್ಲಡ್ಕದಲ್ಲಿ, ಮರಗಿಡಗಳ ನಡುವೆ, ‘ಬಾಲವನ’ ಎಂಬ ತಾಣ ಕ್ರಮೇಣ ರೂಪುಗೊಂಡಿತು. ಬೆತ್ತಕ್ಕೆ ಹೆದರಿ ಬಾಯಿಪಾಠ ಮಾಡುವುದೇ ವಿದ್ಯೆಯೆಂದು ಜನರು ನಂಬಿದ್ದ ಕಾಲ ಅದು. ಮಗು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಆಡುತ್ತ ಹಾಡುತ್ತ ಕಲಿಯಬೇಕೆಂಬುದು ಕಾರಂತರ ನಿಲುವು. ಮಕ್ಕಳೊಡನೆ ಕಳೆದ ಆ ದಿನಗಳು ಅವರಿಗೆ ಒಂದು ಕೊರತೆಯನ್ನು ಮತ್ತೆ ಮತ್ತೆ ಎತ್ತಿ ತೋರಿಸಿದವು. ಮಕ್ಕಳಲ್ಲಿ ಪ್ರಶ್ನೆಗಳಿದ್ದವು, ಉತ್ತರ ಹೇಳುವ ಕನ್ನಡ ಪುಸ್ತಕವಿರಲಿಲ್ಲ.

ಆ ಪುಸ್ತಕವನ್ನು ತಾವೇ ರಚಿಸಬೇಕೆಂದು ಕಾರಂತರು ನಿಶ್ಚಯಿಸಿದರು. ಇಂದು ಅದನ್ನು ಕೇಳುವಾಗ ಸುಲಭವೆನಿಸಬಹುದು. ಆದರೆ ಅಂದಿನ ಕನ್ನಡನಾಡಿನ ಸ್ಥಿತಿಯನ್ನು ನೆನೆಯಬೇಕು. ನಮ್ಮ ಗದಗ ಸೀಮೆಯನ್ನೇ ತೆಗೆದುಕೊಳ್ಳೋಣ. ಗದಗ-ಬೆಟಗೇರಿ ಮತ್ತು ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ನೆರೆಯ ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿತ್ತು. ಕಾರಂತರ ಪುತ್ತೂರು ಮದ್ರಾಸು ಪ್ರಾಂತದಲ್ಲಿತ್ತು. ಕೊಡಗು ಬೇರೆ, ಮೈಸೂರು ಬೇರೆ. ಒಂದೇ ಭಾಷೆಯಾಡುವ ಮಕ್ಕಳು ಹೀಗೆ ಹಲವು ಆಳ್ವಿಕೆಗಳಲ್ಲಿ ಹರಿದು ಹಂಚಿಹೋಗಿದ್ದರು. ಅವರೆಲ್ಲರಿಗೂ ಒಂದೇ ಪುಸ್ತಕವನ್ನು ಮುಟ್ಟಿಸಬಲ್ಲ ಒಂದು ಸರಕಾರವಾಗಲಿ ಇಲಾಖೆಯಾಗಲಿ ಇರಲಿಲ್ಲ. ಎಲ್ಲರನ್ನೂ ಬೆಸೆಯುತ್ತಿದ್ದುದು ಭಾಷೆಯೊಂದೇ. ಆ ಭಾಷೆಯನ್ನು ನಂಬಿ ಕಾರಂತರು ಲೇಖನಿ ಹಿಡಿದರು.

ಮೊದಲ ತೊಡಕು ಮಾತಿನದು. ವಿಜ್ಞಾನದ ವಿಷಯಗಳನ್ನು ಹೇಳಲು ಕನ್ನಡದಲ್ಲಿ ಪದಗಳು ಸಿದ್ಧವಾಗಿರಲಿಲ್ಲ. ಸಂಸ್ಕೃತದ ದೊಡ್ಡ ದೊಡ್ಡ ಪದಗಳನ್ನು ಹೊಸೆದರೆ ಮಕ್ಕಳಿಗೆ ತಿಳಿಯದು. ಇಂಗ್ಲಿಷ್ ಪದಗಳನ್ನೇ ಇಟ್ಟರೆ ಹಳ್ಳಿಯ ಮಗುವಿಗೆ ಅದು ಹೊರಗಿನ ವಸ್ತುವಾಗಿಯೇ ಉಳಿಯುತ್ತದೆ. ಇನ್ನು ಗಿಡ, ಹಕ್ಕಿ, ಮೀನುಗಳಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಕರಾವಳಿಯ ಹೆಸರು ಬಯಲುಸೀಮೆಗೆ ಅರ್ಥವಾಗದು. ಬಯಲುಸೀಮೆಯದು ಮಲೆನಾಡಿಗೆ ಹೊಸತು. ಇಂತಹ ಎಡೆಯಲ್ಲಿ ಚಿತ್ರವೇ ದಾರಿ ತೋರಬಲ್ಲುದು. ಹೆಸರು ಯಾವುದೇ ಇರಲಿ, ಚಿತ್ರವನ್ನು ಕಂಡ ಮಗು ತನ್ನ ಊರಿನ ಹಕ್ಕಿಯನ್ನು ಗುರುತಿಸುತ್ತದೆ. ಸಚಿತ್ರ ಪುಸ್ತಕದಲ್ಲಿ ಚಿತ್ರವು ಪುಟದ ಅಲಂಕಾರಕ್ಕಾಗಿ ಇರುವುದಲ್ಲ. ಮಾತು ಸೋತ ಕಡೆ ಅದು ಮಾತಿನ ಕೆಲಸವನ್ನು ಮಾಡುತ್ತದೆ.

ಎರಡನೆಯ ತೊಡಕು ಆ ಚಿತ್ರದ್ದೇ. ಗದಗ ಪಟ್ಟಣಕ್ಕೆ ಮುದ್ರಣಕಾಶಿಯೆಂಬ ಹೆಸರುಂಟು. ಇಲ್ಲಿನ ಹಿರಿಯ ಮುದ್ರಕರಿಗೆ ಹಿಂದಿನ ಅಚ್ಚಿನ ಕೆಲಸದ ಕಷ್ಟ ಚೆನ್ನಾಗಿ ಗೊತ್ತು. ಅಂದು ಪ್ರತಿಯೊಂದು ಅಕ್ಷರವೂ ಸೀಸದ ಮೊಳೆ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳಿಂದಾಗಿ ಮೊಳೆಗಳ ಗೂಡುಗಳೂ ಹೆಚ್ಚು. ಜೋಡಿಸುವವನು ಒಂದೊಂದೇ ಮೊಳೆಯನ್ನು ಆರಿಸಿ ಸಾಲು ಕಟ್ಟಬೇಕು. ಚಿತ್ರವನ್ನು ಅಚ್ಚಿಸಬೇಕಾದರೆ ಅದಕ್ಕೆ ಲೋಹದ ಬ್ಲಾಕು ಬೇಕು. ಗೆರೆಯ ಚಿತ್ರವಾದರೆ ಗೆರೆಗಳಷ್ಟೇ ಉಬ್ಬಿ ನಿಲ್ಲುವಂತೆ ಸತುವಿನ ತಗಡನ್ನು ಆಮ್ಲದಿಂದ ಕೊರೆಯುತ್ತಾರೆ. ಛಾಯಾಚಿತ್ರವಾದರೆ ಕೆಲಸ ಇನ್ನೂ ನಾಜೂಕಿನದು. ಸೂಕ್ಷ್ಮವಾದ ಗೆರೆಗಳುಳ್ಳ ಗಾಜಿನ ಜಾಲರಿಯ ಮೂಲಕ ಅದನ್ನು ಮತ್ತೆ ಚಿತ್ರಿಸಿಕೊಂಡು, ನೆರಳು ಬೆಳಕುಗಳನ್ನು ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆದು, ಆ ಚುಕ್ಕೆಗಳನ್ನು ತಗಡಿನ ಮೇಲೆ ಮೂಡಿಸಬೇಕು. ಬಳಿಕ ತಗಡನ್ನು ಮರದ ತುಂಡಿಗೆ ಬಡಿದು, ಮೊಳೆಗಳ ಎತ್ತರಕ್ಕೆ ಸರಿಹೊಂದಿಸಿ, ಅಕ್ಷರಗಳ ನಡುವೆ ಕೂರಿಸಬೇಕು. ಬಣ್ಣದ ಚಿತ್ರಕ್ಕಾದರೆ ಹಳದಿ, ಕೆಂಪು, ನೀಲಿಗಳಿಗೆ ಬೇರೆ ಬೇರೆ ಬ್ಲಾಕುಗಳು. ಒಂದೇ ಹಾಳೆಯನ್ನು ಅಷ್ಟು ಸಲ ಯಂತ್ರಕ್ಕೆ ಕೊಡಬೇಕು. ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಡುತ್ತದೆ.

ಬ್ಲಾಕು ಮಾಡುವ ಕಾರ್ಖಾನೆಗಳು ಆಗ ದೊಡ್ಡ ನಗರಗಳಲ್ಲಿದ್ದವು. ಪ್ರತಿಯೊಂದು ಬ್ಲಾಕಿಗೂ ಅದರ ಅಳತೆಗೆ ತಕ್ಕ ಬೆಲೆ ತೆರಬೇಕು. ಚಿತ್ರ ಚೆನ್ನಾಗಿ ಮೂಡಲು ನುಣುಪಾದ ಕಾಗದ ಬೇಕು. ಅದರ ಬೆಲೆಯೂ ಹೆಚ್ಚು. ನೂರು ಪುಟದ ಕಾದಂಬರಿಯೊಂದಕ್ಕಿಂತ ಹತ್ತು ಪುಟದ ಚಿತ್ರಪುಸ್ತಕ ಪ್ರಕಾಶಕನನ್ನು ಹೆಚ್ಚು ಹಣ್ಣುಮಾಡಬಲ್ಲುದು. ಇಷ್ಟೆಲ್ಲ ವೆಚ್ಚ ಮಾಡಿ ತಯಾರಿಸಿದ ಪುಸ್ತಕವನ್ನು ಕೊಳ್ಳುವವರು ಯಾರು? ಮಕ್ಕಳ ಕೈಯಲ್ಲಿ ಹಣವಿಲ್ಲ. ಪಠ್ಯಪುಸ್ತಕದ ಹೊರತು ಬೇರೆ ಪುಸ್ತಕ ಮಗುವಿಗೆ ಬೇಕೆಂದು ಹೆತ್ತವರಿಗೆ ಅನಿಸಿರಲಿಲ್ಲ. ಚಿತ್ರ ನೋಡುವುದು ಕಾಲಹರಣವೆಂದೇ ಹಲವರ ಎಣಿಕೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದು ಕೈಹಾಕಬಾರದ ಕೆಲಸ.

ಕಾರಂತರು ಕೈಹಾಕಿದರು. ಇಂಗ್ಲಿಷಿನ ಮಕ್ಕಳ ವಿಶ್ವಕೋಶದ ಹಿಂದೆ ಲೇಖಕರ, ಕಲಾವಿದರ ದೊಡ್ಡ ಬಳಗವೇ ಇತ್ತು. ಇಲ್ಲಿ ಓದಿ ವಿಷಯ ಸಂಗ್ರಹಿಸುವವರೂ ಬರೆಯುವವರೂ ಅವರೊಬ್ಬರೇ. ಹೀಗೆ ಸಿದ್ಧವಾದ ‘ಬಾಲಪ್ರಪಂಚ’ವು ಮೂರು ಸಂಪುಟಗಳಾಗಿ 1936ರಲ್ಲಿ ಬೆಳಕು ಕಂಡಿತು. ಆಗ ಕಾರಂತರ ವಯಸ್ಸು ಮೂವತ್ತನಾಲ್ಕು. ‘ಚೋಮನ ದುಡಿ’ ಕಾದಂಬರಿ ಹೊರಬಂದು ಮೂರು ವರ್ಷಗಳಾಗಿದ್ದವು. ಅದೇ 1936ರಲ್ಲಿ, ಜಾತಿಯ ಕಟ್ಟನ್ನು ಮೀರಿ, ಅವರು ಲೀಲಾ ಅವರನ್ನು ವಿವಾಹವಾದರು. ಊರಿನ ಮಾತುಗಳನ್ನೂ ಹಣದ ಅಡಚಣೆಯನ್ನೂ ಜೊತೆಯಾಗಿ ಎದುರಿಸಿದ ಆ ದಂಪತಿಗಳಿಗೆ ಸುಖದ ಸಂಸಾರಕ್ಕಿಂತ ದುಡಿಮೆಯ ಸಂಸಾರವೇ ಒದಗಿತು.

‘ಬಾಲಪ್ರಪಂಚ’ದಂತಹ ಪುಸ್ತಕ ಮನೆಗೆ ಬಂದರೆ ಏನಾಗುತ್ತದೆ? ಓದು ಬಲ್ಲ ಹಿರಿಯ ಮಗು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳುತ್ತದೆ. ಓದು ಬಾರದ ಕಿರಿಯವು ಎರಡೂ ಬದಿಗಳಿಂದ ಬಾಗಿ ನೋಡುತ್ತವೆ. ದೊಡ್ಡವನು ಅಕ್ಷರ ಓದುತ್ತಾನೆ. ಚಿಕ್ಕವರು ಚಿತ್ರ ಓದುತ್ತಾರೆ. ಒಮ್ಮೊಮ್ಮೆ ದೊಡ್ಡವನ ಕಣ್ಣಿಗೆ ಬೀಳದ ಸಂಗತಿ ಚಿಕ್ಕವರಿಗೆ ಕಾಣುತ್ತದೆ. ಸುತ್ತಲೂ ಎರೆಭೂಮಿ, ಜೋಳ ಹತ್ತಿಗಳ ಹೊಲ, ದೂರದಲ್ಲಿ ಕಪ್ಪತಗುಡ್ಡದ ಸಾಲು, ಇಷ್ಟನ್ನೇ ಕಂಡ ಬಯಲುಸೀಮೆಯ ಮಗುವಿಗೆ ಕಡಲೆಂದರೇನೆಂದು ಮಾತಿನಲ್ಲಿ ವಿವರಿಸುವುದು ಕಷ್ಟ. ಕೆರೆಗಿಂತ ದೊಡ್ಡದು ಎನ್ನಬಹುದು. ತುಂಗಭದ್ರೆಯ ಮಹಾಪೂರಕ್ಕಿಂತ ದೊಡ್ಡದು ಎನ್ನಬಹುದು. ಆದರೂ ಮಗುವಿನ ಮನಸ್ಸಿನಲ್ಲಿ ದಡದಾಚೆ ಇನ್ನೊಂದು ದಡ ಇದ್ದೇ ಇರುತ್ತದೆ. ಆಚೆಯ ದಡವಿಲ್ಲದ ನೀರಿನ ಒಂದು ಚಿತ್ರವನ್ನು ತೋರಿಸಿದರೆ ವಿವರಣೆ ಬೇಕಾಗುವುದಿಲ್ಲ. ಹಾಗೆಯೇ ಕರಾವಳಿಯ ಮಗುವಿಗೆ ಮರಳುಗಾಡನ್ನೂ ಹಿಮದ ಬೆಟ್ಟವನ್ನೂ ಚಿತ್ರವೇ ತಂದುಕೊಡಬೇಕು.

ಈ ಕೃತಿಗೆ ಮಿತಿಗಳೇ ಇರಲಿಲ್ಲವೆಂದು ಹೇಳಲಾಗದು. ಒಬ್ಬರೇ ಎಲ್ಲ ವಿಷಯಗಳನ್ನೂ ಕುರಿತು ಬರೆಯುವಾಗ ಪ್ರತಿಯೊಂದರಲ್ಲಿಯೂ ತಜ್ಞರ ಆಳ ಬರುವುದು ಸಾಧ್ಯವಿಲ್ಲ. ವಿಜ್ಞಾನವು ದಿನದಿನಕ್ಕೆ ಬೆಳೆಯುವಂತಹುದು. ಅಂದಿನ ತಿಳಿವಳಿಕೆಯಲ್ಲಿ ಕೆಲವು ಇಂದು ಹಳತಾಗಿವೆ. ಮೂರು ದೊಡ್ಡ ಸಂಪುಟಗಳನ್ನು ಕೊಳ್ಳುವ ಶಕ್ತಿ ಬಡ ರೈತನ ಅಥವಾ ನೇಕಾರನ ಮನೆಗೆ ಇರಲಿಲ್ಲ. ಇಷ್ಟಾದರೂ ಆ ಕೃತಿಯ ಬೆಲೆ ಕುಂದುವುದಿಲ್ಲ. ಕನ್ನಡದಲ್ಲಿ ಇಂತಹುದು ಆಗದು ಎಂಬ ಮಾತು 1936ರ ಬಳಿಕ ನಿಲ್ಲಲಿಲ್ಲ. ಮುಂದೆ ಬಂದವರು ಅದಕ್ಕಿಂತ ಉತ್ತಮವಾದುದನ್ನು ಮಾಡುವ ಪ್ರಶ್ನೆಯಷ್ಟೇ ಉಳಿಯಿತು.

ಕಾರಂತರು ಅಷ್ಟಕ್ಕೇ ನಿಲ್ಲಲಿಲ್ಲ. ‘ಗಜರಾಜ’, ‘ಹುಲಿರಾಯ’, ‘ಮಂಗನ ಮದುವೆ’ ಮೊದಲಾದ ಪುಸ್ತಕಗಳನ್ನು ಎಳೆಯರಿಗೆಂದು ಬರೆದರು. ‘ಓದುವ ಆಟ’ ಎಂಬ ಹೆಸರೊಂದೇ ಅವರ ಶಿಕ್ಷಣದೃಷ್ಟಿಯನ್ನು ಸಾರುತ್ತದೆ. ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯವನ್ನು ನಡೆಸಿದರು. ಅದಕ್ಕೆ ಹಿರಿಯ ಮಗ ಹರ್ಷನ ಹೆಸರಿತ್ತು. ಆ ಮಗ ಅಕಾಲದಲ್ಲಿ ತೀರಿಕೊಂಡ ದುಃಖವನ್ನು ಅವರು ಅನುಭವಿಸಬೇಕಾಯಿತು. ಆದರೂ ಅವರ ಕೆಲಸ ನಿಲ್ಲಲಿಲ್ಲ. 1950ರ ದಶಕದ ಕೊನೆಯಲ್ಲಿ ಇನ್ನೂ ದೊಡ್ಡದೊಂದು ಹೊರೆಯನ್ನು ಹೊತ್ತು, ‘ವಿಜ್ಞಾನಪ್ರಪಂಚ’ವನ್ನು ನಾಲ್ಕು ಸಂಪುಟಗಳಲ್ಲಿ ರಚಿಸಿದರು. ಅದನ್ನೂ ಅವರೊಬ್ಬರೇ ಬರೆದರು. ಮಗುವಿಗೆ ‘ಬಾಲಪ್ರಪಂಚ’, ಬೆಳೆದವನಿಗೆ ‘ವಿಜ್ಞಾನಪ್ರಪಂಚ’; ಹೀಗೆ ಓದುಗನ ವಯಸ್ಸಿನೊಡನೆ ಅವರ ಕೊಡುಗೆಯೂ ಬೆಳೆಯಿತು.

ಕಾದಂಬರಿಕಾರರಾಗಿ, ಯಕ್ಷಗಾನದ ಸಂಶೋಧಕರಾಗಿ, ಪ್ರಯೋಗಶೀಲ ಕಲಾವಿದರಾಗಿ ಕಾರಂತರ ಕೀರ್ತಿ ನಾಡಿನಾಚೆಗೂ ಹಬ್ಬಿತು. 1955ರಲ್ಲಿ ಮೈಸೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರಿಗೆ ಸಂದಿತು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, ‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ 1977ರ ಜ್ಞಾನಪೀಠ ಪ್ರಶಸ್ತಿ ಬಂದವು. 1968ರಲ್ಲಿ ದೊರೆತಿದ್ದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂತಿರುಗಿಸಿದರು. ಕಾಡು, ನದಿ, ಕಡಲುಗಳ ರಕ್ಷಣೆಗಾಗಿ ಮುಪ್ಪಿನಲ್ಲಿಯೂ ದನಿಯೆತ್ತಿದರು. ಇಷ್ಟು ದೊಡ್ಡ ಬದುಕಿನಲ್ಲಿ ಮಕ್ಕಳ ಪುಸ್ತಕವನ್ನು ಅವರು ಚಿಕ್ಕ ಕೆಲಸವೆಂದು ಎಣಿಸಲಿಲ್ಲ ಎಂಬುದನ್ನು ನಾವು ಮುಖ್ಯವಾಗಿ ಗಮನಿಸಬೇಕು. ತೊಂಬತ್ತು ದಾಟಿದ ಮೇಲೆಯೂ ಹಕ್ಕಿಗಳನ್ನು ಕುರಿತ ಪುಸ್ತಕದ ಬರವಣಿಗೆಯಲ್ಲಿ ಅವರು ತೊಡಗಿದ್ದರು. ಮಗುವಿನ ಕಣ್ಣಿನ ಕುತೂಹಲ ಆ ವೃದ್ಧರ ಕಣ್ಣಿನಲ್ಲಿ ಆರಿರಲಿಲ್ಲ. 1997ನೆಯ ಇಸವಿ ಡಿಸೆಂಬರ್ 9ರಂದು, ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ, ಮಣಿಪಾಲದಲ್ಲಿ ಅವರು ಕಾಲವಾದರು. ಗದಗ ಪ್ರತ್ಯೇಕ 
ಜಿಲ್ಲೆಯಾದುದೂ ಅದೇ ವರ್ಷದಲ್ಲಿ.

ಹಕ್ಕಿಗಳ ಮಾತು ಬಂದುದರಿಂದ ನಮ್ಮ ಸೀಮೆಯ ಸಂಗತಿಯೊಂದನ್ನು ಇಲ್ಲಿ ನೆನೆಯಬಹುದು. ಶಿರಹಟ್ಟಿ ಲಕ್ಷ್ಮೇಶ್ವರಗಳಿಗೆ ಹತ್ತಿರದ ಮಾಗಡಿಯ ಕೆರೆಗೆ ಪ್ರತಿ ಚಳಿಗಾಲದಲ್ಲಿ ಸಾವಿರಾರು ಹಕ್ಕಿಗಳು ಬಂದಿಳಿಯುತ್ತವೆ. ಅವುಗಳಲ್ಲಿ ಪಟ್ಟೆತಲೆಯ ಹೆಬ್ಬಾತು ಮುಖ್ಯವಾದುದು. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿ ಮಂಗೋಲಿಯ, ಟಿಬೆಟ್, ಲಡಾಖುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತದೆ. 2024ರಲ್ಲಿ ಈ ಕೆರೆಗೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆಂಬ ಮನ್ನಣೆ ದೊರೆಯಿತು. ಕೆರೆಯ ಏರಿಯ ಮೇಲೆ ನಿಂತ ಮಗುವಿಗೆ ಅವೆಲ್ಲ ಬರೀ ಹಕ್ಕಿಗಳು. ಪುಸ್ತಕದಲ್ಲಿ ಆ ಎರಡು ಪಟ್ಟೆಗಳ ಚಿತ್ರವನ್ನು ಕಂಡ ಮಗುವಿಗೆ ಮಾತ್ರ ಅದು ಹೆಸರುಳ್ಳ, ಊರುಳ್ಳ, ದೂರದಿಂದ ಬಂದ ಅತಿಥಿ. ಹೆಸರು ತಿಳಿದ ಹಕ್ಕಿಗೆ ಕಲ್ಲು ಬೀರಲು ಕೈ ಏಳುವುದಿಲ್ಲ. ಚಿತ್ರದ ಪುಸ್ತಕ ಕಣ್ಣನ್ನು ಪುಟದ ಮೇಲೆ ಕಟ್ಟಿಹಾಕುವುದಿಲ್ಲ. ಅದನ್ನು ಹರಿತಗೊಳಿಸಿ ಮರಳಿ ಕೆರೆಯ ಕಡೆಗೇ ಕಳುಹಿಸುತ್ತದೆ. ಕಾರಂತರ ಶ್ರಮದ ಗುರಿಯೂ ಅದೇ ಆಗಿತ್ತು.

ಕಾಲ ಈಗ ಬಹಳ ಬದಲಾಗಿದೆ. 1949ರಿಂದ ಕನ್ನಡದಲ್ಲಿ ಹೊರಬಂದ ‘ಚಂದಮಾಮ’ ಮಾಸಪತ್ರಿಕೆ ಬಣ್ಣದ ಚಿತ್ರಗಳಿಂದ ಹಲವು ಪೀಳಿಗೆಯ ಮಕ್ಕಳನ್ನು ರಂಜಿಸಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಿಂದ ‘ಅಮರ ಚಿತ್ರ ಕಥೆ’ಯ ಮಾಲೆಯನ್ನು ಬೆಳೆಸಿ ದೇಶದ ಮಕ್ಕಳಿಗೆ ಪುರಾಣ ಇತಿಹಾಸಗಳನ್ನು ಚಿತ್ರಗಳಲ್ಲಿ ಕೊಟ್ಟರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿ ಚಿತ್ರದ ಕಾರ್ಡುಗಳನ್ನು ಸರಕಾರಿ ಶಾಲೆಯ ಎಳೆಯರ ಕೈಗೆ ಇತ್ತಿತು. ಸೀಸದ ಮೊಳೆಗಳೂ ಸತುವಿನ ಬ್ಲಾಕುಗಳೂ ಮೂಲೆ ಸೇರಿವೆ. ಬಣ್ಣದ ಚಿತ್ರ ಅಚ್ಚಿಸುವುದು ಹಿಂದಿನಷ್ಟು ಕಷ್ಟವಾಗಿ ಉಳಿದಿಲ್ಲ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳ ಪುಸ್ತಕಗಳು ದೊರೆಯುತ್ತವೆ.

ಆದರೆ ಪುಸ್ತಕ ಕಪಾಟಿನಲ್ಲಿದ್ದರೆ ಸಾಲದು. ಎಳೆಯ ಮಗುವಿಗೆ ಅದನ್ನು ತೆರೆದು ತೋರಿಸುವವರು ಬೇಕು. ಚಿತ್ರದ ಮೇಲೆ ಮಗು ಬೆರಳಿಟ್ಟಾಗ, ಅದರ ಪ್ರಶ್ನೆಗೆ ಬೇಸರಿಸದೆ ಉತ್ತರ ಕೊಡುವವರು ಬೇಕು. ಒಂಬತ್ತನೆಯ ತರಗತಿಗೆ ಬಂದಿರುವ ನೀವು ಆ ಕೆಲಸವನ್ನು ಮಾಡಬಲ್ಲಿರಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಓದು ಬಾರದ ತಮ್ಮ ತಂಗಿಯರು ಇದ್ದೇ ಇರುತ್ತಾರೆ. ಗ್ರಂಥಾಲಯದಿಂದ ಒಂದು ಚಿತ್ರದ ಪುಸ್ತಕ ತಂದು, ಸಂಜೆಯ ಹೊತ್ತು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿರಿ. ಅವರು ಕೇಳುವ ಪ್ರಶ್ನೆಗಳಲ್ಲಿ ಕೆಲವಕ್ಕೆ ನಿಮಗೂ ಉತ್ತರ ತಿಳಿಯದೆ ಹೋಗಬಹುದು. ಆಗ ನಾಚಬೇಕಾಗಿಲ್ಲ, ಹುಡುಕಬೇಕು. ಪದವಿಯಿಲ್ಲದ, ಹಣವಿಲ್ಲದ ಒಬ್ಬ ತರುಣನು ಕರಾವಳಿಯ ಸಣ್ಣ ಊರಿನಲ್ಲಿ ಕುಳಿತು, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದುದರಿಂದಲೇ ಕನ್ನಡಕ್ಕೆ ‘ಬಾಲಪ್ರಪಂಚ’ ದೊರೆಯಿತು.